ಹನ್ನೆರಡನೇ ಕಿಟಕಿಯ ಗೆರೆ

ಕಲ್ಮೇಶನನ್ನು ಮಣ್ಣಿಗಿಟ್ಟು ಬಂದ ಮೇಲೆ ಆ ಮನೆಗೆ ಮೊದಲ ಮಾಮೂಲಿ ಬೆಳಗನ್ನು ತಂದದ್ದು ನಳ. ಹುಬ್ಬಳ್ಳಿಯ ಆ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಯಾರ ಮನೆಯಲ್ಲಿ ಏನಾಗಿದೆ ಎಂದು ಕೇಳಿಕೊಂಡು ಬರುವುದಿಲ್ಲ. ಕಾರ್ಯ ಮುಗಿಸಿಕೊಂಡು ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು.

"ನೀಲಾ, ನಳಾ ಬಂತು ನೋಡವಾ!" ಎಂದು ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿದಳು. ಕೂಗಿದ ಮೇಲೆ ಅವಳಿಗೇ ಕೆಡುಕೆನಿಸಿರಬೇಕು. ಮತ್ತೆ ಕೂಗಲಿಲ್ಲ.

ಕಲ್ಮೇಶನ ಹೆಂಡತಿ ನೀಲಾಂಬಿಕೆ ಎದ್ದಳು. ಕೊಡ ತುಂಬಿದಳು, ಬಕೆಟ್ ತುಂಬಿದಳು, ಹಿತ್ತಲ ತೊಟ್ಟಿ ತುಂಬಿದಳು. ತುಂಬಲು ಇನ್ನೇನೂ ಉಳಿಯದಿದ್ದರೂ ಪೈಪು ಹಿಡಿದು ನಿಂತೇ ಇದ್ದಳು. ನೀರು ಹಿತ್ತಲಗುಂಟ ಹರಿದು ಪತ್ರಾಸ್ ತಗಡಿನ ಶೆಡ್ಡಿನೊಳಕ್ಕೆ ನುಗ್ಗಿತು. ಅದನ್ನು ಹೊರದೂಡಲು ಅವಳು ಕಸಬರಿಗೆ ಹಿಡಿದು ಒಳಗೆ ಬಂದಳು. ಬಂದವಳು ನನ್ನನ್ನು ಕಂಡಳು.

ಗಂಡನ ಕೆಲಸದ ಮೇಜಿನ ಮೇಲೆ, ಮೂರಡಿಯ ಒಂದು ಸಾಗವಾನಿ ಪಟ್ಟಿಯ ನಟ್ಟನಡುವೆ, ಬಾಯಲ್ಲಿ ಮರದ ಸುರುಳಿ ಕಚ್ಚಿಕೊಂಡು ನಾನು ನಿಂತಿದ್ದೆ. ಹದಿಮೂರು ದಿನಗಳಿಂದ ಹಾಗೇ ನಿಂತಿದ್ದೆ.

ನಾನು ಒಂದು ಹತ್ತರಿ. ಬಡಗಿಗಳು ಮರ ಹೆರೆಯುತ್ತಾರಲ್ಲ, ಆ ಜಾತಿ. ಆದರೆ ಮರವನ್ನು ಮಟ್ಟ ಮಾಡುವ ಸಾಧಾರಣ ಹತ್ತರಿಯಲ್ಲ. ನನ್ನ ಅಡಿಯಲ್ಲಿ ಎರಡು ತಗ್ಗು, ನಡುವೆ ಒಂದು ದಿಣ್ಣೆ. ನಾನು ಓಡಿದ ಪಟ್ಟಿಯ ಮೇಲೆ ಎರಡು ಉಬ್ಬು, ನಡುವೆ ಒಂದು ಕಾಲುವೆ ಮೂಡುತ್ತದೆ. ನಾಲ್ಕು ಬೆರಳಗಲದ ಈ ಬೀಡಿಂಗ್ ಹೆರೆಯಲು ಒಬ್ಬನ ಬಲ ಸಾಲದು. ಹಿಂದೆ ಒಬ್ಬ ನನ್ನನ್ನು ದೂಡಬೇಕು, ಮುಂದೆ ಒಬ್ಬ ನನ್ನ ಮೂಗಿಗೆ ಕಟ್ಟಿದ ದಾರ ಹಿಡಿದು ಎಳೆಯಬೇಕು. ಇಬ್ಬರ ಉಸಿರೂ ಒಂದೇ ಲಯದಲ್ಲಿ ಇರಬೇಕು. ಇಲ್ಲದಿದ್ದರೆ ನಾನು ನಡುದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತೇನೆ.

ನನ್ನನ್ನು ಮಾಡಿದವನು ರೈಲ್ವೆ ಕಾರ್ಖಾನೆಯ ಮೌನಪ್ಪ ಬಡಿಗೇರ. ಬ್ರಿಟಿಷರ ಕಾಲ, ಮೂವತ್ತೆಂಟನೆಯ ಇಸವಿ. ರೈಲು ಬೋಗಿಗಳ ಮೈಯನ್ನೆಲ್ಲ ಆಗ ಮರದಲ್ಲೇ ಕಟ್ಟುತ್ತಿದ್ದರು. ಹೊಸದೊಂದು ಸಾಲಿನ ಬೋಗಿಗಳಿಗೆ ಕಿಟಕಿಯ ಕೆಳಪಟ್ಟಿಯನ್ನು ಹೀಗೇ ಮಾಡಬೇಕು ಎಂದು ನಕ್ಷೆ ಬಂತು. ಪ್ರಯಾಣಿಕರು ಮೊಳಕೈ ಊರುವ ಜಾಗ ಅದು. ಮೌನಪ್ಪ ಹುಣಸೆ ಮರದ ಕೆಚ್ಚು ತಂದು ನನ್ನ ಮೈ ಕೆತ್ತಿದ. ಹಳೆಯ ಅರವೊಂದನ್ನು ಕಾಯಿಸಿ ಬಡಿದು ಅಲಗು ಮಾಡಿದ. ಬೆಣೆ ಜಡಿದು ಕೂಡಿಸಿದ. ನನಗೆ ಮುಖಗಳಿಗಿಂತ ಅಂಗೈಗಳ ಪರಿಚಯ ಹೆಚ್ಚು. ಮೌನಪ್ಪನದು ಒಣಗಿದ ಅಂಗೈ, ಎಂದೂ ಬೆವರುತ್ತಿರಲಿಲ್ಲ.

ಬೆವರಿದ್ದು ಒಂದೇ ಸಲ. ಮೊದಲ ದಿನ, ಮೊದಲ ಪಟ್ಟಿ. ಅದು ಯಾವುದೋ ಹಳೆಯ ತೊಲೆಯಿಂದ ಕೊಯ್ದ ಮರವಾಗಿತ್ತು. ಒಳಗೆ ಮೊಳೆಯ ತುದಿಯೊಂದು ಮುರಿದು ಉಳಿದಿದ್ದು ಅವನಿಗೆ ಕಾಣಲಿಲ್ಲ. ಟಕ್ ಎಂದು ತಾಗಿತು. ನನ್ನ ಅಲಗಿನ ಬಲಗಡೆ ಕೂದಲೆಳೆಯಷ್ಟು ಮುಕ್ಕಾಯಿತು. ಅವತ್ತಿನಿಂದ ನಾನು ಹೆರೆದ ಪ್ರತಿ ಪಟ್ಟಿಯ ಬಲ ಉಬ್ಬಿನ ಮೇಲೆ ಒಂದು ಗೆರೆ ಏಳತೊಡಗಿತು. ಕಣ್ಣಿಗೆ ಬೀಳುವುದಿಲ್ಲ, ಉಗುರಿಗೆ ಸಿಗುತ್ತದೆ.

ಮೌನಪ್ಪ ಅಲಗನ್ನು ತಿದ್ದುವಷ್ಟರಲ್ಲಿ ಸಾಹೇಬರು ಬಂದರು. ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು. ಗೆರೆಯನ್ನೂ ನಕ್ಷೆಯ ಭಾಗವೆಂದೇ ತಿಳಿದರೋ ಏನೋ, ಬಹಳ ಮೆಚ್ಚಿಕೊಂಡು, ಎಲ್ಲ ಕಿಟಕಿಗಳಿಗೂ ಹೀಗೇ ಇರಲಿ ಎಂದು ಹೇಳಿ ಮಾದರಿಗೆ ಸಹಿ ಹಾಕಿದರು. ಮೌನಪ್ಪ ಬಾಯಿ ಬಿಡಲಿಲ್ಲ. ತಪ್ಪನ್ನು ಒಂದು ಸಲ ಮಾಡುವುದಕ್ಕೆ ಏನೂ ಬೇಡ. ಇಪ್ಪತ್ತೇಳು ವರ್ಷ ಅದನ್ನೇ ಒಂದು ಕೂದಲೂ ಹೆಚ್ಚುಕಡಿಮೆಯಾಗದಂತೆ ಮಾಡಬೇಕಾದರೆ ಕೈ ಪಳಗಿರಬೇಕು. ಅವನು ನನ್ನ ಅಲಗಿನ ಬೆನ್ನನ್ನು ಮಾತ್ರ ಸಾಣೆಕಲ್ಲಿಗೆ ಹಿಡಿಯುತ್ತಿದ್ದ. ಮೂತಿಯನ್ನು, ಅಂದರೆ ಮರ ಕೊಯ್ಯುವ ಅಂಚನ್ನು, ಎಂದೂ ಮುಟ್ಟಲಿಲ್ಲ. ಮೂತಿ ಉಜ್ಜಿದರೆ ಮುಕ್ಕು ಹೋಗುತ್ತದೆ, ಮುಕ್ಕು ಹೋದರೆ ಹೊಸ ಬೋಗಿಗೂ ಹಳೆಯ ಬೋಗಿಗೂ ತಾಳೆ ತಪ್ಪುತ್ತದೆ.

ಅವನು ನಿವೃತ್ತನಾಗುವಾಗ ನನ್ನನ್ನು ಜೊತೆಗಾರ ಹುಸೇನಸಾಬನ ಕೈಗಿಟ್ಟು, ಕಿವಿಯಲ್ಲಿ ಗುಟ್ಟು ಹೇಳಿ ಹೋದ. ಹುಸೇನಸಾಬನ ಅಂಗೈ ಅಗಲ, ಬಿಸಿ. ಅವನು ದೂಡುವಾಗ ಏನಾದರೂ ಗುನುಗುತ್ತಿದ್ದ. ಏಳೆಂಟು ವರ್ಷ ಸೊಗಸಾಗಿ ಕಳೆದವು. ಆಮೇಲೆ ಕಬ್ಬಿಣದ ಬೋಗಿಗಳು ಬಂದವು. ನನಗೆ ಕೆಲಸವಿಲ್ಲದಾಯಿತು. ಒಂದು ಮಧ್ಯಾಹ್ನ ರೈಲ್ವೆ ಶೆಡ್ಡಿನ ಹಿಂದಿನಿಂದ ಸಾಗವಾನಿ ಸುಡುವ ವಾಸನೆ ಬಂತು. ಹಳೆಯ ಬೋಗಿಗಳಿಗೆ ಬೆಂಕಿಯಿಟ್ಟು, ಮರ ಬೂದಿಯಾದ ಮೇಲೆ ಕಬ್ಬಿಣವನ್ನು ಆರಿಸಿಕೊಳ್ಳುತ್ತಿದ್ದರು. ಹುಸೇನಸಾಬ ಅವತ್ತು ಗುನುಗಲಿಲ್ಲ. ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಹಳೇ ಹುಬ್ಬಳ್ಳಿಯ ತನ್ನ ಮನೆಗೆ ಒಯ್ದು ಗೋಡೆಯ ಗೂಡಿನಲ್ಲಿಟ್ಟ. ಅಲ್ಲಿ ನಾನು ಐವತ್ತು ವರ್ಷ ಇದ್ದೆ. ಮಾತಿಗೆ ಐವತ್ತು ಎನ್ನುತ್ತೇನೆ. ಗೂಡಿನಲ್ಲಿ ಎಣಿಕೆ ಸಿಗುವುದಿಲ್ಲ.

ಅಲ್ಲಿಗೆ ಬಂದವನು ಕಲ್ಮೇಶ.

"ಯಾರಪಾ ನೀನು?"

"ಬಡಗಿ ಅದೀನ್ರಿ ಅಜ್ಜಾರ. ಹಳೇ ರೈಲು ಇಟ್ಟು ಮಂದಿಗೆ ತೋರಸ್ತಾರಲ್ರೀ, ಅಲ್ಲಿ ಒಂದು ಕಟ್ಟಗಿ ಡಬ್ಬಿ ರಿಪೇರಿ ಮಾಡಾಕ ಹಿಡಿದೀನಿ."

"ಕಟ್ಟಗಿ ಡಬ್ಬಿ? ಎಲ್ಲಾ ಸುಟ್ಟಿದ್ರಲ್ಲೋ. ಒಂದು ಹ್ಯಾಂಗ ಉಳೀತು?"

"ಹಳಿ ಕೆಲಸದವರು ಅದರಾಗ ಸಾಮಾನು ಇಡತಿದ್ರಂತ. ಹಂಗಾಗಿ ಉಳದೈತ್ರಿ. ಒಳಗ ಬೇವಿನ ಗಿಡ ಎದ್ದಿತ್ತು."

ಕಲ್ಮೇಶ ಚೀಲದಿಂದ ಹಳೆಯ ಪಟ್ಟಿಯ ಒಂದು ತುಂಡು ತೆಗೆದು ಮುದುಕನ ಕೈಗಿಟ್ಟ. ಮೂಡಣ ಬದಿಯ ಕಿಟಕಿಗಳು ಗಟ್ಟಿಯಾಗಿದ್ದವಂತೆ. ಪಡುವಣ ಬದಿಯ ಹನ್ನೆರಡು ಕಿಟಕಿಗಳ ಕೆಳಪಟ್ಟಿ ಬಿಸಿಲಿಗೆ ಪುಡಿಯಾಗಿದ್ದವಂತೆ. ಹೊಸದಾಗಿ ಮಾಡಬೇಕು. ಹಳೆಯದರ ಮೇಲಿನ ಬಣ್ಣಗಳನ್ನು ಪದರ ಪದರವಾಗಿ ಕೆರೆದಾಗ ಎಲ್ಲ ಪಟ್ಟಿಗಳಲ್ಲೂ ಒಂದೇ ಕಡೆ ಒಂದು ಗೆರೆ ಕಂಡಿತು, ಅದನ್ನು ಯಾವ ಮಷಿನ್ನಿನಲ್ಲೂ ತರಲು ಆಗುತ್ತಿಲ್ಲ ಎಂದ.

ಹುಸೇನಸಾಬನಿಗೆ ಆಗ ಎಂಬತ್ನಾಲ್ಕು. ಕಣ್ಣು ಮಂಜು. ಅವನು ತುಂಡಿನ ಮೇಲೆ ಉಗುರು ಆಡಿಸಿದ. ಒಮ್ಮೆಲೇ ನಕ್ಕುಬಿಟ್ಟ.

"ಮೌನಪ್ಪಾ! ಎಂಬತ್ತ ವರ್ಷಾದ ಮ್ಯಾಲೆ ಸಿಕ್ಕಬಿದ್ದೆಲ್ಲೋ ಮಾರಾಯಾ!"

ಇಡೀ ಕತೆ ಹೇಳಿದ. ಕತೆ ಮುಗಿಯುವಷ್ಟರಲ್ಲಿ ಎರಡು ಸಲ ಚಹಾ ಆಗಿತ್ತು. ಕೊನೆಗೆ ನನ್ನನ್ನು ಗೋಣಿಚೀಲದಿಂದ ಬಿಚ್ಚಿ ಕಲ್ಮೇಶನ ಕೈಗೆ ಕೊಟ್ಟ. ಎರಡು ಕರಾರು ಹಾಕಿದ.

"ಬೆನ್ನಿಗಷ್ಟ ಕಲ್ಲು ಹಚ್ಚು. ಮೂತಿಗೆ ಹಚ್ಚಬ್ಯಾಡ. ಮತ್ತ ಇನ್ನೊಂದು. ಕೆಲಸಾ ಮುಗಿಸೇ ತಿರುಗಿ ತಾ. ಅರ್ಧ ಕೆಲಸದಾಗಿನ ಹತ್ತರೀನ ನಮ್ಮ ಶೆಡ್ಡಿನಾಗ ಯಾರೂ ಇಸಗೋತಿದ್ದಿಲ್ಲ."

"ಹೂಂ ರೀ ಅಜ್ಜಾರ."

ಕಲ್ಮೇಶನ ಅಂಗೈಯಲ್ಲಿ ಒಂದು ಹಳೆಯ ಗಾಯದ ಗುರುತಿತ್ತು, ಹೆಬ್ಬೆರಳಿನ ಬುಡದಲ್ಲಿ. ನನ್ನ ಬೆನ್ನಿನ ಏಣು ಸರಿಯಾಗಿ ಅದರೊಳಗೆ ಕೂರುತ್ತಿತ್ತು. ನನ್ನ ಸೆಣಬಿನ ದಾರ ಮೊದಲ ದಿನವೇ ಹರಿಯಿತು. ಅವನು ಮನೆಯಲ್ಲಿ ಏನನ್ನೋ ಹುಡುಕಿ, ಹೊಸೆದು, ಬೇರೆ ದಾರ ಕಟ್ಟಿದ. ಹನ್ನೊಂದು ಪಟ್ಟಿಗಳನ್ನು ಬೋಗಿಯ ಪಕ್ಕದಲ್ಲೇ ಹೆರೆದೆವು. ಅಲ್ಲಿನ ಕೆಲಸದವರು ಸರದಿಯ ಮೇಲೆ ದಾರ ಎಳೆದರು. ಐವತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದ ನನಗೆ ಸಾಗವಾನಿಯ ರುಚಿ ಮತ್ತೆ ಹತ್ತಿತು.

ಮನೆಯಲ್ಲಿ ಅವನು ನನ್ನ ಬಗ್ಗೆ ಮಾತಾಡುತ್ತಿದ್ದ. ನೀಲಾಂಬಿಕೆ ಧಾರವಾಡದಲ್ಲಿ ಎಂ.ಎ. ಮಾಡಿ, ಹಳೆಯ ಶಾಸನಗಳ ಮೇಲೆ ಪ್ರಬಂಧ ಬರೆಯುತ್ತಿದ್ದವಳು. ಒಂದು ಸಂಜೆ ಅವನು ಆ ಹಳೆಯ ತುಂಡನ್ನು ಅವಳ ಪುಸ್ತಕದ ಮೇಲಿಟ್ಟ.

"ನೀಲಾ, ನೀನ ಹೇಳಿದ್ದಿ. ಬಾಯಿ ಮುರದ ಉಳಿಯಿಂದ ಕಲ್ಲು ಕಡದವ ಯಾವ ಊರಿಗೆ ಹ್ವಾದ್ರೂ ಆ ಉಳಿ ಗುರ್ತು ಅವನ ಬೆನ್ನ ಬಿಡೂದಿಲ್ಲ ಅಂತ. ಅದಕ್ಕ ನಾ ಈ ಗೆರಿ ಬಿಡಲಿಲ್ಲ ನೋಡು, ಯಾರದು ಅಂತ ಹುಡಿಕ್ಕೋತ ಹ್ವಾದೆ. ಉಗುರು ಆಡಸು."

ಅವಳು ಪುಸ್ತಕದಿಂದ ಕಣ್ಣೆತ್ತದೆ ಕೈ ಚಾಚಿ ಉಗುರು ಆಡಿಸಿದಳು. "ಹೂಂ, ಛಂದ ಐತಿ."

"ನೀ ಕೇಳೇ ಇಲ್ಲ," ಎಂದು ಅವನು ನಕ್ಕ. ಅವಳೂ ನಕ್ಕಳು. ಆ ತುಂಡು ಅವಳ ಪುಸ್ತಕದ ಪುಟ ಹಾರದಂತೆ ಇಡುವ ಭಾರವಾಯಿತು. ಓದುವಾಗ ಅವಳ ಉಗುರು ತನ್ನಷ್ಟಕ್ಕೆ ಅದರ ಮೇಲೆ ಓಡಾಡುವುದು ರೂಢಿಯಾಯಿತು.

ಹನ್ನೆರಡನೆಯ ಪಟ್ಟಿಯನ್ನು ಅವನು ಬೇಕೆಂದೇ ಮನೆಗೆ ತಂದ. ಅದೊಂದು ಭಾನುವಾರ.

"ನೀಲಾ, ಕಡೀ ಕಿಟಕಿ. ಹನ್ನೊಂದನ್ನ ಯಾರ್ಯಾರೋ ಎಳದಾರ. ಇದನ್ನ ನೀ ಎಳೀಬೇಕು. ಬಾ."

"ಈ ಪುಟಾ ಮುಗಿಸಿ ಬಂದೆ."

ಪುಟ ಮುಗಿದು ಇನ್ನೊಂದು ಪುಟ ಬಂದಿರಬೇಕು. ಅವನು ಕಾದ. ಆಮೇಲೆ ಒಬ್ಬನೇ ನನ್ನನ್ನು ದೂಡಿದ. ಮೇಲಿನ ಪದರಗಳು ಹೇಗೋ ಬಂದವು. ಆಳಕ್ಕೆ ಇಳಿದಾಗ ನಾನು ಪಟ್ಟಿಯ ನಡುವೆ ಕಚ್ಚಿಕೊಂಡೆ. ಅವನಿಗೆ ಸಿಟ್ಟು ಬರಲಿಲ್ಲ. "ಇರಲಿ, ನಾಳಿ ಆಕೀನ್ನ ಕರಕೊಂಡ ಬರ್ತೀನಿ" ಎಂದು ನನ್ನ ಬೆನ್ನು ತಟ್ಟಿ ಹೋದ. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದವನು ಬಚ್ಚಲಲ್ಲಿ ಕುಸಿದ. ತಲೆಯೊಳಗಿನ ನರ ಒಡೆದಿತ್ತು ಎಂದು ಯಾರೋ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದರು. ನನಗೆ ತಿಳಿದದ್ದು ಅಷ್ಟು.

ಈಗ ಆ ನೀರಿನ ಬೆಳಗು. ನೀಲಾಂಬಿಕೆ ಕಸಬರಿಗೆ ಕೆಳಗಿಟ್ಟು ನನ್ನನ್ನು ಎತ್ತಿದಳು. ಅವಳ ಅಂಗೈ ಒದ್ದೆ, ತಣ್ಣಗೆ. ನನ್ನ ಬಾಯಿಂದ ಸುರುಳಿಯನ್ನು ಎಳೆದಳು. ಅದು ಉದ್ದಕ್ಕೂ ಎರಡಾಗಿ ಸೀಳಿತ್ತು. ಮುಕ್ಕು ಇರುವಲ್ಲಿ ಮರ ಕೊಯ್ಯುವುದಿಲ್ಲ, ಹಾಗಾಗಿ ನನ್ನ ಸುರುಳಿಗಳು ಯಾವಾಗಲೂ ಎರಡು ಎಳೆ. ಅವಳಿಗೆ ಇದು ಗೊತ್ತಿರಲಿಲ್ಲ. ನನ್ನನ್ನು ಬೆಳಕಿಗೆ ಹಿಡಿದು ಅಲಗು ನೋಡಿದಳು. ಮುಕ್ಕು ಕಂಡಿತು.

"ಮುರದ ಇಟ್ಟಾರ," ಎಂದಳು. "ಮಂದಿ ಸಾಮಾನು."

ಕಲ್ಮೇಶ ನನ್ನನ್ನು ಹಳೇ ಹುಬ್ಬಳ್ಳಿಯ ಅಜ್ಜನಿಂದ ತಂದದ್ದು ಅವಳಿಗೆ ನೆನಪಿತ್ತು. ಮುಕ್ಕಿನ ಕತೆ ಕಿವಿಯ ಮೇಲೆ ಬಿದ್ದು ಹೋಗಿತ್ತು. ಅವಳು ನನ್ನನ್ನು ಮನೆಯೊಳಗೆ ಒಯ್ದು ಒರೆಸಿ ಮೇಜಿನ ಮೇಲಿಟ್ಟಳು. ಮುಂದಿನ ಮೂರು ದಿನ ಅವಳು ಮಾಡಿದ್ದು ಕಡಿಮೆ. ಒಮ್ಮೆ ಅಕ್ಕಿ ತೊಳೆದು, ಒಲೆ ಹಚ್ಚುವುದನ್ನು ಮರೆತಳು. ಆದರೆ ದಿನಕ್ಕೆ ನಾಲ್ಕಾರು ಸಲ ಬಂದು ನನ್ನ ಅಲಗು ನೋಡುತ್ತಿದ್ದಳು. ತೀರಿಕೊಂಡವನ ಹೆಸರಿನಲ್ಲಿ ಮುರಿದ ಸಾಮಾನು ಇನ್ನೊಬ್ಬರ ಮನೆಗೆ ಹೋಗಬಾರದು. ಆ ದಿನಗಳಲ್ಲಿ ಅವಳಿಗೆ ಬೇಕೆನಿಸಿದ್ದು ಅದೊಂದೇ.

ನಾಲ್ಕನೆಯ ದಿನ ಓಣಿಯಲ್ಲಿ ಸಾಣೆ ಹಿಡಿಯುವವನ ಸೈಕಲ್ಲು ಬಂತು.

"ಕತ್ರೀ, ಚಾಕೂ, ಈಳಿಗೀ… ಬರ್ರಿ ಅಕ್ಕಾರ! ಮನ್ಯಾಗಿನ ಮೊಂಡ ಸಾಮಾನೆಲ್ಲಾ ತರ್ರಿ. ಗಂಡನ್ನೊಬ್ಬನ್ನ ಬಿಟ್ಟು!"

ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ಅವನಿಗೆ ಕಣ್ಣಲ್ಲೇ ಗದರಿದಳು. ಅವನಿಗೆ ಅರ್ಥವಾಗಲಿಲ್ಲ. ನೀಲಾಂಬಿಕೆ ನನ್ನನ್ನು ಅವನ ಮುಂದೆ ಹಿಡಿದಳು.

"ಇದರ ಮುಕ್ಕು ತಗ್ಯಾಕ ಬರತೈತೇನು?"

"ಏ, ಇದೇನ್ ದೊಡ್ಡ ಮಾತ್ರಿ. ಎರಡ ಮಿನಿಟು. ಹಿಂದ ಇತ್ತು ಅಂತ ಗುರ್ತೂ ಉಳೀಬಾರದು, ಹಂಗ ಮಾಡಿಕೊಡ್ತೀನಿ."

ಬೆಣೆ ಸಡಿಲಿಸಿ ಅಲಗನ್ನು ಹೊರಗೆಳೆದ. ಪೆಡಲು ತುಳಿದ. ಕಲ್ಲು ಗಿರ್ರೆಂದು ತಿರುಗಿತು. ಎಂಬತ್ತಾರು ವರ್ಷಗಳಲ್ಲಿ ನನ್ನ ಮೂತಿಗೆ ಕಲ್ಲು ತಾಗಿರಲಿಲ್ಲ. ನಾನು ಮರ, ಕೂಗಲಾರೆ. ಅವನು ಮೊದಲು ಎಡಮೂಲೆಯನ್ನು ಕಲ್ಲಿಗೆ ತಾಗಿಸಿದ. ಕಿಡಿ ಹಾರಿತು.

"ಎಲ್ಲಿ ಐತ್ರಿ ಮುಕ್ಕು? ಸಣ್ಣದೈತಿ, ನನ್ನ ಕಣ್ಣಿಗೆ ಹತ್ತವಲ್ಲದು."

"ಇಲ್ಲಿ," ಎಂದು ಅವಳು ಬಾಗಿ, ತೋರಿಸಲು ಉಗುರು ಆಡಿಸಿದಳು.

ಉಗುರು ಮುಕ್ಕಿನಲ್ಲಿ ಇಳಿಯಿತು. ಕೈ ಅಲ್ಲೇ ನಿಂತಿತು. ಅವಳು ಮತ್ತೊಮ್ಮೆ ಆಡಿಸಿದಳು. ಆಮೇಲೆ ಒಳಗೆ ಹೋಗಿ, ಪುಸ್ತಕದ ಮೇಲಿದ್ದ ಆ ಹಳೆಯ ತುಂಡನ್ನು ತಂದಳು. ಅಲಗನ್ನು ಅವನ ಕೈಯಿಂದ ತೆಗೆದುಕೊಂಡು ತುಂಡಿನ ಮೇಲಿಟ್ಟಳು. ತಗ್ಗಿಗೆ ಉಬ್ಬು ಕೂತಿತು, ಮುಕ್ಕಿಗೆ ಗೆರೆ ಕೂತಿತು. ಬಾಯಿ ಮುರಿದ ಉಳಿ. ಬೆನ್ನು ಬಿಡದ ಗುರುತು. ಅವಳೇ ಕಲ್ಮೇಶನಿಗೆ ಹೇಳಿದ್ದು, ಅವನು ತಿರುಗಿ ಅವಳಿಗೆ ಹೇಳಿದ್ದು.

"ಬ್ಯಾಡ್ರಿ," ಎಂದಳು.

"ಯಾಕ್ರೀ ಅಕ್ಕಾರ? ಮುಕ್ಕು ಹಂಗ ಬಿಟ್ರ ಏನು ಉಪಯೋಗ?"

"ಅದು ಅವರು ಮುರದದ್ದಲ್ಲ."

"ಯಾರು?"

ಅವಳು ಅಲಗನ್ನು ಅವನ ಕೈಗೆ ತಿರುಗಿ ಕೊಟ್ಟಳು. ಅವನು ಅಲಗನ್ನು ನನ್ನೊಳಗೆ ಮೊದಲಿನಂತೆ ಕೂಡಿಸಿ ಬೆಣೆ ಬಡಿದು ಕೊಟ್ಟ. ನನ್ನ ಎಡಮೂಲೆಯಲ್ಲಿ ಅವನ ಕಲ್ಲಿನ ಬಿಳಿ ಗುರುತು ಉಳಿಯಿತು. ಮರಕ್ಕೆ ತಾಗದ ಜಾಗ, ಅಡ್ಡಿಯಿಲ್ಲ.

ಅವತ್ತೇ ಮಧ್ಯಾಹ್ನ ಅವಳು ನನ್ನನ್ನೂ ಆ ಅರ್ಧ ಪಟ್ಟಿಯನ್ನೂ ಒಂದೇ ಟವಲಿನಲ್ಲಿ ಸುತ್ತಿ ಆಟೋ ಹತ್ತಿದಳು. ಹುಸೇನಸಾಬ ಅಂಗಳದಲ್ಲಿ ಹಗ್ಗ ಹೆಣೆದ ಬಾಜಿನ ಮೇಲೆ ಕೂತಿದ್ದ. ಸುದ್ದಿ ಅವನಿಗೆ ಮುಟ್ಟಿತ್ತು.

"ಕಲ್ಮೇಶನ ಮನಿಯಾಕೀ ಅದೀನ್ರಿ, ಅಜ್ಜಾರ. ನಿಮ್ಮ ಹತ್ತರಿ."

"ಬಾ ತಂಗಿ. ಕೂಡು." ಅವನು ಹತ್ತರಿಗೆ ಕೈ ಚಾಚಲಿಲ್ಲ. "ಹನ್ನೆರಡನೇದು ಆತೇನು?"

"ಇಲ್ರಿ. ಅರ್ಧ ಆಗೇತಿ."

"ಹಂಗಾರ ನಾ ಹ್ಯಾಂಗ ಇಸಗೊಳ್ಳಿ?"

ಅವಳು ಅವನನ್ನೇ ನೋಡಿದಳು. ಇಷ್ಟು ದಿನ ಎಲ್ಲರೂ ಅವಳನ್ನು ಮುರಿಯುವ ಪಾತ್ರೆಯಂತೆ ಹಿಡಿದು ಮಾತಾಡಿದ್ದರು. ಈ ಮುದುಕ ಕೆಲಸ ಮುಗಿಯಲಿಲ್ಲವೆಂದು ಸಾಮಾನು ಒಲ್ಲೆ ಎನ್ನುತ್ತಿದ್ದ.

"ಅವರು ಇಲ್ಲಲ್ರೀ ಅಜ್ಜಾರ," ಎಂದಳು.

"ಅಂವಾ ಇಲ್ಲ. ನಾ ಅದೀನಿ. ನೀ ಅದೀ. ದೂಡಾಂವ ಒಬ್ಬ, ಎಳ್ಯಾಂವ ಒಬ್ಬ. ಮತ್ತೇನ ಬೇಕು? ಪಟ್ಟಿ ತಂದೀಯಲ್ಲ?"

ಬಾಜಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಪಟ್ಟಿಯನ್ನು ಹಾಸಿದರು. ತುದಿಗೆ ಒಂದು ರುಬ್ಬುಗುಂಡು ಒತ್ತುಕೊಟ್ಟರು. ಹುಸೇನಸಾಬ ಮೊದಲು ನನ್ನ ಬೆನ್ನಿನ ಸಾಣೆ ನೋಡಿದ. ಆಮೇಲೆ ಉಗುರಿನಿಂದ ಮೂತಿ. ಎಡಮೂಲೆ ತಡವಿ ಹುಬ್ಬೇರಿಸಿದ.

"ಇದ್ಯಾರು?"

"ನಾನರೀ. ಮುಕ್ಕು ತಗಸಾಕ ಹೊಂಟಿದ್ದೆ."

"ಅಯ್ಯ ನಿನ! ಮೌನಪ್ಪ ಗೋರಿಯಿಂದ ಎದ್ದ ಬರತಿದ್ದ."

ಅವಳ ಬಾಯಂಚು ಸ್ವಲ್ಪ ಅಲುಗಿತು. ಅಷ್ಟೇ.

ಅವನ ಅಂಗೈ ಈಗಲೂ ಅಗಲ, ಆದರೆ ಬಿಸಿ ಹೋಗಿತ್ತು, ನಡುಕ ಬಂದಿತ್ತು. ಅವಳು ಮುಂದೆ ನಿಂತು ದಾರವನ್ನು ಮುಷ್ಟಿಗೆ ಸುತ್ತಿಕೊಂಡಳು. ಮೊದಲ ಎಳೆತ ಜೋರಾಯಿತು. ನಾನು ಎಗರಿದೆ. ಎರಡನೆಯದು ಸಾಲಲಿಲ್ಲ. ಕಚ್ಚಿಕೊಂಡೆ.

"ನಾ ಅವತ್ತು ಕರದಾಗ ಹ್ವಾಗಿದ್ರ…" ಎಂದು ಅವಳು ನಿಂತಲ್ಲೇ ಅಂದಳು.

ಹುಸೇನಸಾಬ ನನ್ನನ್ನು ಹಿಂದಕ್ಕೆಳೆದು ಪಟ್ಟಿಯ ತುದಿಗೆ ತಂದ. "ನನ್ನ ಉಸಿರಿಗೆ ಕಿವಿ ಕೊಡು," ಎಂದ. "ಎಳಿ."

ಅವಳು ಎಳೆದಳು. ಮೂರನೆಯ ಸಲ ನಾನು ಓಡಿದೆ. ತುದಿಯಿಂದ ತುದಿಗೆ, ನಿಲ್ಲದೆ. ಅವನು ಗುನುಗತೊಡಗಿದ. ಸಿಕ್ಕಿಕೊಂಡಿದ್ದ ಸುರುಳಿ ಬಿಟ್ಟು ಹೊಸ ಸುರುಳಿ ಹೊರಬಿತ್ತು. ಎರಡೆರಡು ಎಳೆ, ಎರಡೆರಡು ಎಳೆ. ಏಳೆಂಟು ಓಟಕ್ಕೆ ನನ್ನ ಅಡಿ ಪಟ್ಟಿಯ ಮೇಲೆ ಪೂರ್ತಿ ಕೂತಿತು. ಇಬ್ಬರೂ ಬೆವರಿದ್ದರು. ಆ ಬೆವರಿಗೆ ದಾರ ಒದ್ದೆಯಾಗಿತ್ತು.

ಅವನು ಪಟ್ಟಿಯ ಮೇಲೆ ಉಗುರು ಆಡಿಸಿದ. ಗೆರೆ ಇತ್ತು. ಶುರುವಿನಲ್ಲಿ ಮಾತ್ರ ಅದು ನಾಲ್ಕು ಬೆರಳಿನಷ್ಟು ದೂರ ಸಣ್ಣಗೆ ಅಲೆಯಾಗಿತ್ತು.

"ಇಲ್ಲಿ ನನ್ನ ಕೈ ನಡುಗೇತಿ. ಒರಸಬ್ಯಾಡ, ಇರಲಿ. ಮುಂದ ಯಾರರ ಕಿಟಕಿಗೆ ಕುಂತು ಉಗುರು ಆಡಿಸಿದ್ರ, ಯಾವ ಮುದುಕಪಾ ಇಂವಾ ಅಂತ ಬೈತಾರ."

ಅವಳು ಪಟ್ಟಿ ಎತ್ತಿಕೊಂಡು ತಾನೂ ಉಗುರು ಆಡಿಸಿದಳು. ಈ ಸಲ ಅವಳ ಕಣ್ಣು ಬೇರೆಲ್ಲೂ ಇರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ಆಡಿಸಿದಳು. ನಾಳೆ ಅದನ್ನು ತಾನೇ ಬೋಗಿಯ ಹತ್ತಿರ ಒಯ್ದು ಕೊಡುವುದಾಗಿ ಹೇಳಿದಳು.

ನನ್ನ ಕತೆ ಇಲ್ಲಿಗೆ ಬಂತು. ಇನ್ನು ನನಗೆ ಕೆಲಸ ಸಿಗುತ್ತದೆಂದು ನಾನು ತಿಳಿದಿಲ್ಲ. ಆ ಒಂದು ಬೋಗಿಗೆ ಇನ್ನು ಮಾಡಬೇಕಾದ ಕಿಟಕಿಗಳಿಲ್ಲ, ಬೇರೆ ಬೋಗಿಗಳು ಬೂದಿಯಾಗಿವೆ. ಗೂಡಿಗೆ ಹೋಗುತ್ತೇನೆ. ದೂಡಿದವರು, ಎಳೆದವರು ಒಬ್ಬೊಬ್ಬರಾಗಿ ಹೋಗುತ್ತಾರೆ. ಮೊಳೆಯೊಂದು ತಾಗಿದ ಆ ಒಂದು ಗಳಿಗೆ ಮಾತ್ರ ಕಿಟಕಿಯಿಂದ ಕಿಟಕಿಗೆ ಉಳಿದುಕೊಂಡು ಬಂದಿದೆ. ಯಾಕೆಂದರೆ ಪ್ರತಿ ಸಲವೂ ಯಾರೋ ಒಬ್ಬರು ಅದನ್ನು ಅಳಿಸದೆ ಬಿಟ್ಟಿದ್ದಾರೆ.

ನೀಲಾಂಬಿಕೆ ಟವಲಿನಿಂದ ನನ್ನ ಮೈ ಒರೆಸಿದಳು. ಬಾಯಲ್ಲಿ ಕೊನೆಯ ಸುರುಳಿ ಇತ್ತು. ತೆಗೆಯಲು ಹೋಗಿ ಬಿಟ್ಟಳು. ಎರಡೂ ಕೈಯಲ್ಲಿ ನನ್ನನ್ನು ಹಿಡಿದು ಮುದುಕನ ಮುಂದೆ ಚಾಚಿದಳು.

"ತಗೋರಿ ಅಜ್ಜಾರ. ಕೆಲಸಾ ಮುಗೀತು."

ಅವನು ಈಗ ಕೈ ಚಾಚಿದ. ತೆಗೆದುಕೊಳ್ಳುವಾಗ ಬೆರಳಿಗೆ ದಾರ ತಾಗಿತು. ತಡವಿ ನೋಡಿದ.

"ಇದು ನಂದಲ್ಲ ತಂಗಿ. ನಂದು ಸೆಣಬಿಂದು. ಇದ್ಯಾವದೋ ಸೀರಿ ಅಂಚು ಇದ್ದಂಗ ಐತಿ."

ಅವಳು ಬಾಗಿ ನೋಡಿದಳು. ಮಾಸಿದ ಕೆಂಪು, ಇಳಕಲ್ ಅಂಚು. ಮದುವೆಯ ಮೊದಲ ವರ್ಷ ಉಟ್ಟು ಉಟ್ಟು ಹರಿದದ್ದನ್ನು ಒರೆಸುವ ಅರಿವೆಗೆಂದು ಅವಳೇ ಅವನಿಗೆ ಕೊಟ್ಟಿದ್ದಳು. ಇಷ್ಟು ಹೊತ್ತು ಅದನ್ನೇ ಮುಷ್ಟಿಗೆ ಸುತ್ತಿಕೊಂಡು ಎಳೆದಿದ್ದಳು.

"ಬಿಚ್ಚಿಕೊಂಡು ಹೋಗು," ಎಂದ ಹುಸೇನಸಾಬ.

ಅವಳ ಬೆರಳು ಗಂಟಿನ ಮೇಲೆ ಬಂತು. ಕಲ್ಮೇಶ ಹಾಕಿದ ಗಂಟು. ಬಿಗಿಯಾಗಿತ್ತು, ಆದರೆ ಬಿಚ್ಚಬಹುದಿತ್ತು. ಅವಳು ಅದನ್ನು ಒಮ್ಮೆ ಒತ್ತಿ ನೋಡಿ ಕೈ ತೆಗೆದಳು.

"ಇರಲಿ ಅಜ್ಜಾರ. ನಿಮ್ಮ ದಾರ ಅವರು ಹರದಾರ. ಅದರ ಬದಲಿಗೆ ಇದು."